ಹೊರದೇಶದಲ್ಲಿದ್ದು ಪತ್ನಿಯನ್ನು ಅಮೆರಿಕಕ್ಕೆ ಪ್ರಾಯೋಜಿಸುವಾಗ ಜಂಟಿ ಪ್ರಾಯೋಜಕರಿದ್ದರೆ ಸಾಕೇ?

ಪ್ರಶ್ನೆ: ಮಾನ್ಯರೇ, ನಾನು ಅಮೆರಿಕದ ಪೌರ. ಉದ್ಯೋಗದ ನಿಮಿತ್ತ ಕೆಲವು ವರ್ಷಗಳಿಂದ ಬೇರೆ ದೇಶದಲ್ಲಿ ನೆಲೆಸಿದ್ದೇನೆ. ಪತ್ನಿಗಾಗಿ ಸಲ್ಲಿಸಿದ ಐ-130 ಅರ್ಜಿ (ಕುಟುಂಬದವರ ವಲಸೆಗಾಗಿ ಸಲ್ಲಿಸುವ ಅರ್ಜಿ) ಮಂಜೂರಾಗಿದ್ದು, ಈಗ ಐ-864 ಆರ್ಥಿಕ ಬೆಂಬಲ ಪತ್ರವನ್ನು ಕೇಳಿದ್ದಾರೆ. ನನ್ನ ಸಂಬಳವೆಲ್ಲ ಇಲ್ಲಿನದೇ. ಅಮೆರಿಕದಲ್ಲಿರುವ ನನ್ನ ಅಣ್ಣ ಜಂಟಿ ಪ್ರಾಯೋಜಕರಾಗಲು, ಎಂದರೆ ನನ್ನೊಂದಿಗೆ ಆರ್ಥಿಕ ಹೊಣೆ ಹೊರಲು, ಒಪ್ಪಿದ್ದಾರೆ. ಅಷ್ಟಾದರೆ ಸಾಕೇ?

ಉತ್ತರ (ವಲಸೆ ವಕೀಲರು): ಸಾಲದು. ನಿಮ್ಮ ಅಣ್ಣನವರ ಸಹಿ ಆದಾಯದ ಕೊರತೆಯನ್ನು ತುಂಬುತ್ತದೆ. ವಾಸಸ್ಥಾನದ ಕೊರತೆಯನ್ನು ತುಂಬುವುದಿಲ್ಲ. ಅರ್ಜಿದಾರರಾದ ನೀವು ಜಂಟಿ ಪ್ರಾಯೋಜಕರಿದ್ದರೂ ನಿಮ್ಮದೇ ಐ-864 ಸಲ್ಲಿಸಬೇಕು, ಮತ್ತು ನಿಮ್ಮ ಕಾಯಂ ವಾಸಸ್ಥಾನ ಅಮೆರಿಕದಲ್ಲಿದೆ ಎಂದಾಗಲಿ, ಪತ್ನಿ ಅಲ್ಲಿಗೆ ಪ್ರವೇಶಿಸುವ ಹೊತ್ತಿಗೆ ಅದನ್ನು ಮರುಸ್ಥಾಪಿಸುತ್ತೀರಿ ಎಂದಾಗಲಿ ದಾಖಲೆಗಳ ಮೂಲಕ ತೋರಿಸಬೇಕು. ಅಮೆರಿಕ ಸರ್ಕಾರದ ಕೆಲಸದಂತಹ ಕೆಲವು ನಿರ್ದಿಷ್ಟ ಉದ್ಯೋಗಗಳ ಮೇಲೆ ತಾತ್ಕಾಲಿಕವಾಗಿ ಹೊರಗಿರುವವರಿಗೆ ಮಾತ್ರ ಇದರಲ್ಲಿ ರಿಯಾಯಿತಿಯಿದೆ.

“ಮರಳಿ ಹೋಗುತ್ತೇನೆ” ಎಂಬ ಒಂದು ಸಾಲಿನ ಪತ್ರ ಸಾಕೆಂದು ಅನೇಕರು ಭಾವಿಸುತ್ತಾರೆ. ಸಂದರ್ಶನದವರೆಗೆ ಬಂದ ಕಡತ ಅಲ್ಲಿಯೇ ನಿಂತುಬಿಡುವುದು ಹೆಚ್ಚಾಗಿ ಈ ಭಾವನೆಯಿಂದಲೇ. ಬಾಡಿಗೆ ಕರಾರು, ಅಲ್ಲಿನ ಉದ್ಯೋಗದ ಆಹ್ವಾನ ಪತ್ರ ಅಥವಾ ಉದ್ಯೋಗಕ್ಕಾಗಿ ನಡೆಸಿದ ಪತ್ರವ್ಯವಹಾರ, ಚಾಲ್ತಿಯಲ್ಲಿರುವ ಬ್ಯಾಂಕ್ ಖಾತೆ, ಮತದಾರರ ನೋಂದಣಿ, ಮಕ್ಕಳ ಶಾಲಾ ಪ್ರವೇಶ, ಇಲ್ಲಿನ ಕೆಲಸಕ್ಕೆ ಕೊಟ್ಟ ರಾಜೀನಾಮೆ ಇವುಗಳಲ್ಲಿ ಸಾಧ್ಯವಾದಷ್ಟನ್ನು ಸೇರಿಸಿರಿ. ಒಂದೊಂದೂ ದುರ್ಬಲವೆನಿಸಿದರೂ ಒಟ್ಟಾಗಿ ಅವು ನಿಮ್ಮ ಉದ್ದೇಶವನ್ನು ಸ್ಪಷ್ಟಪಡಿಸುತ್ತವೆ.

ಆದಾಯವು ಅಮೆರಿಕ ಸರ್ಕಾರ ಕುಟುಂಬದ ಗಾತ್ರಕ್ಕೆ ತಕ್ಕಂತೆ ನಿಗದಿಪಡಿಸುವ ಬಡತನ ಮಾರ್ಗಸೂಚಿಯ ಮೊತ್ತದ ಕನಿಷ್ಠ ಶೇ. 125ರಷ್ಟಿರಬೇಕು. ನಿಮ್ಮ ಈಗಿನ ಸಂಬಳ, ನೀವು ಅಮೆರಿಕಕ್ಕೆ ಹೋದ ಮೇಲೂ ಅದೇ ಮೂಲದಿಂದ ಮುಂದುವರಿಯುವುದಾದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಮಾತು: ಅಮೆರಿಕದ ಪೌರರು ಎಲ್ಲಿಯೇ ದುಡಿದರೂ, ಆದಾಯವು ನಿಗದಿತ ಮಿತಿಯನ್ನು ದಾಟಿದರೆ, ಅಲ್ಲಿನ ತೆರಿಗೆ ರಿಟರ್ನ್ ಸಲ್ಲಿಸಲೇಬೇಕು. ಬಾಕಿಯಿದ್ದರೆ ಮೊದಲು ಅದನ್ನು ಪೂರೈಸಿರಿ.

ಪ್ರಶ್ನೆ: ಹಾಗಾದರೆ ಪತ್ನಿಯನ್ನು ಇಲ್ಲಿಯೇ ಬಿಟ್ಟು ನಾನು ಮುಂಚಿತವಾಗಿ ಹೋಗಿ ನೆಲೆಸಬೇಕೇ? ಅಣ್ಣನವರ ಹೊಣೆ ಎಷ್ಟು ಕಾಲದ್ದು?

ಉತ್ತರ: ಮುಂಚಿತವಾಗಿ ಹೋಗಲೇಬೇಕೆಂಬ ನಿಯಮವಿಲ್ಲ. ಇಬ್ಬರೂ ಒಟ್ಟಿಗೆ ಪ್ರಯಾಣಿಸಬಹುದು. ಅವರು ಹೋದ ಮೇಲೆ ನೀವು ಎಂದೋ ಹೋಗುವುದು ಮಾತ್ರ ಆಗದು. ತಪ್ಪು ತಿಳಿವಳಿಕೆಯಿಂದ ದಂಪತಿಗಳು ತಿಂಗಳುಗಟ್ಟಲೆ ಅನಗತ್ಯವಾಗಿ ಅಗಲಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಅಣ್ಣನವರ ಸಹಿ ಕಾನೂನುಬದ್ಧ ಕರಾರು. ನಿಮ್ಮ ಪತ್ನಿ ಅಮೆರಿಕದ ಪೌರರಾಗುವವರೆಗೆ, ಅಥವಾ ಸಾಮಾಜಿಕ ಭದ್ರತೆಯ ಲೆಕ್ಕದಲ್ಲಿ 40 ತ್ರೈಮಾಸಿಕಗಳ ದುಡಿಮೆ, ಎಂದರೆ ಸುಮಾರು 10 ವರ್ಷ, ಅವರ ಹೆಸರಿಗೆ ಜಮೆಯಾಗುವವರೆಗೆ ಅದು ಸಾಮಾನ್ಯವಾಗಿ ಉಳಿಯುತ್ತದೆ. ಅವರು ಕಾಯಂ ನಿವಾಸವನ್ನು ತೊರೆದು ದೇಶ ಬಿಟ್ಟರೂ ಅದು ಮುಗಿಯುತ್ತದೆ. ಆದರೆ ವಿಚ್ಛೇದನವಾದರೂ ಅದು ಮುಗಿಯುವುದಿಲ್ಲ. ಆದ್ದರಿಂದ ಸಹಿ ಪಡೆಯುವ ಮೊದಲು ಈ ವಿಷಯವನ್ನು ಅಣ್ಣನವರಿಗೂ ಅತ್ತಿಗೆಯವರಿಗೂ ನೀವೇ ಬಿಡಿಸಿ ಹೇಳಿರಿ.