ಎ ಮೈನರ್‌ನಲ್ಲಿ ಜಿ ಶಾರ್ಪ್ ಎಲ್ಲಿಂದ ಬಂತು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಕರ್ನಾಟಕ ಸಂಗೀತ ಕಲಿತಿರುವ ನಾನು ಈಗ ಕೀಬೋರ್ಡ್‌ನಲ್ಲಿ ಪಾಶ್ಚಾತ್ಯ ಸಂಗೀತದ ಪಾಠ ಆರಂಭಿಸಿದ್ದೇನೆ. ಎ ಮೈನರ್‌ಗೆ ಶಾರ್ಪ್ (ಅರ್ಧ ಸ್ವರ ಏರಿಕೆ) ಆಗಲಿ ಫ್ಲಾಟ್ (ಅರ್ಧ ಸ್ವರ ಇಳಿಕೆ) ಆಗಲಿ ಇಲ್ಲವೆನ್ನುವ ಪುಸ್ತಕವೇ ಮುಂದೆ ಹಾರ್ಮೋನಿಕ್ ಮೈನರ್ ಎಂದು ಹೆಸರಿಸಿ ಎ, ಬಿ, ಸಿ, ಡಿ, ಇ, ಎಫ್, ಜಿ ಶಾರ್ಪ್ ಎಂದು ಬರೆಯುತ್ತದೆ. ನುಡಿಸಿದರೆ ಕೀರವಾಣಿ ರಾಗವೇ ಕೇಳಿಸುತ್ತದೆ. ಜಿ ಸ್ವರವನ್ನು ಏರಿಸುವ ಅಗತ್ಯವೇನಿತ್ತು? ಅದು ನಿಯಮವೇ ಆದರೆ, ಆ ಶಾರ್ಪನ್ನು ಕೀ ಸಿಗ್ನೇಚರ್‌ನಲ್ಲೇ (ಸಾಲಿನ ಆರಂಭದಲ್ಲಿ ಹಾಕುವ ಶಾರ್ಪ್, ಫ್ಲಾಟ್ ಚಿಹ್ನೆಗಳಲ್ಲೇ) ಏಕೆ ಬರೆಯುವುದಿಲ್ಲ?

ಉತ್ತರ 1:
ಕಾರಣವನ್ನು ಆರೋಹಣದಲ್ಲಿ ಹುಡುಕಬೇಡಿ, ಕಾರ್ಡ್‌ಗಳಲ್ಲಿ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಲ್ಲಿ, ಹುಡುಕಿ. ಪಾಶ್ಚಾತ್ಯ ಪದ್ಧತಿಯಲ್ಲಿ ಸಂಗೀತವಾಕ್ಯವೊಂದು ನಿಲುಗಡೆಗೆ ಬರುವುದು ಹೆಚ್ಚಾಗಿ ಐದನೆಯ ಸ್ವರದ ಕಾರ್ಡಿನಿಂದ ಆಧಾರ ಸ್ವರದ ಕಾರ್ಡಿಗೆ ಮರಳುವ ಮೂಲಕ. ನ್ಯಾಚುರಲ್ ಮೈನರ್‌ನಲ್ಲಿ (ಜಿ ಏರಿಸದ ಸಾದಾ ರೂಪದಲ್ಲಿ) ಆ ಐದನೆಯ ಕಾರ್ಡ್ ಇ, ಜಿ, ಬಿ, ಅಂದರೆ ಇ ಮೈನರ್. ಅದರ ಜಿ ಸ್ವರಕ್ಕೂ ಎ ಸ್ವರಕ್ಕೂ ಎರಡು ಸೆಮಿಟೋನ್ (ಕೀಬೋರ್ಡ್‌ನ ಪಕ್ಕಪಕ್ಕದ ಕೀಲಿಗಳ ನಡುವಿನದು ಒಂದು ಸೆಮಿಟೋನ್) ಅಂತರವಿರುವುದರಿಂದ ಮರಳುವ ಸೆಳೆತ ದುರ್ಬಲ. ಜಿ ಶಾರ್ಪ್ ಆದೊಡನೆ ಕಾರ್ಡ್ ಇ ಮೇಜರ್ ಆಗುತ್ತದೆ, ಮತ್ತು ಎ ಸ್ವರ ಒಂದೇ ಸೆಮಿಟೋನ್ ಮೇಲಿರುತ್ತದೆ. ಅದಕ್ಕೆ ಡಿ ಸೇರಿಸಿ ಇ ಸೆವೆಂತ್ ಮಾಡಿದರೆ, ಜಿ ಶಾರ್ಪ್ ಮೇಲೇರಿ ಎ ಆಗಲು, ಡಿ ಕೆಳಗಿಳಿದು ಸಿ ಆಗಲು ಹಾತೊರೆಯುತ್ತವೆ. ಮೊದಲು ಇ ಮೈನರ್‌ನಿಂದ, ಬಳಿಕ ಇ ಸೆವೆಂತ್‌ನಿಂದ ಎ ಮೈನರ್‌ಗೆ ಬಂದು ನೋಡಿ; ನನ್ನ ವಿವರಣೆಗಿಂತ ಅದು ಚೆನ್ನಾಗಿ ತಿಳಿಸುತ್ತದೆ.

ಕೀ ಸಿಗ್ನೇಚರ್‌ನಲ್ಲಿ ಬರೆಯದಿರಲು ಕಾರಣ, ಅದೇ ಕೃತಿಯಲ್ಲಿ ಸಿ ಮೇಜರ್, ಜಿ ಮೇಜರ್ ಕಾರ್ಡ್‌ಗಳೂ ಬರುತ್ತವೆ. ಅಲ್ಲಿ ಸಾದಾ ಜಿ ಬೇಕು. ಆದ್ದರಿಂದ ಶಾರ್ಪ್ ಚಿಹ್ನೆಯನ್ನು ಬೇಕಾದ ಸ್ಥಳದಲ್ಲಷ್ಟೇ ಹಾಕುತ್ತಾರೆ.

ಉತ್ತರ 2:
ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಜಿ ಏರಿದ್ದರಿಂದ ಎಫ್ ಮತ್ತು ಜಿ ಶಾರ್ಪ್ ನಡುವೆ ಮೂರು ಸೆಮಿಟೋನ್‌ಗಳ ಅಂತರ ಬೀಳುತ್ತದೆ. ಇದಕ್ಕೆ ಆಗ್ಮೆಂಟೆಡ್ ಸೆಕೆಂಡ್ ಎನ್ನುತ್ತಾರೆ. ಯುರೋಪಿನ ಸಾಂಪ್ರದಾಯಿಕ ಗಾಯನ ರಚನೆಯಲ್ಲಿ ಈ ಜಿಗಿತವನ್ನು ಸಾಮಾನ್ಯವಾಗಿ ತಪ್ಪಿಸುತ್ತಿದ್ದರು. ಅದಕ್ಕಾಗಿ ಏರುವಾಗ ಎಫ್ ಸ್ವರವನ್ನೂ ಶಾರ್ಪ್ ಮಾಡಿ, ಇಳಿಯುವಾಗ ಎರಡನ್ನೂ ಸಾದಾ ಮಾಡಿದರು. ಅದೇ ಮೆಲೋಡಿಕ್ ಮೈನರ್. ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಏರಿಕೆ ಗೌರಿಮನೋಹರಿ ರಾಗ, ಇಳಿಕೆ ನಠಭೈರವಿ ರಾಗ. ಪುಸ್ತಕಗಳು ಮೂರು ಮೈನರ್‌ಗಳನ್ನು ಬೇರೆ ಬೇರೆ ಪಟ್ಟಿ ಮಾಡುವುದು ಅಭ್ಯಾಸದ ಅನುಕೂಲಕ್ಕೆ ಮಾತ್ರ ಎಂಬುದು ನನ್ನ ಅಭಿಪ್ರಾಯ. ಜರ್ಮನ್ ಸಂಗೀತಕಾರ ಬಾಕ್‌ನ ಮೈನರ್ ಕೃತಿಗಳಲ್ಲಿ ಇವು ಬೆರೆತೇ ಬರುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಹಾರ್ಮೋನಿಕ್ ಮೈನರ್ ಎಂದರೆ ಕೀರವಾಣಿ ಎನ್ನಬಹುದೇ?

ಉತ್ತರ 3:
ಸ್ವರಸ್ಥಾನಗಳ ಮಟ್ಟಿಗೆ ಖಂಡಿತ ಎನ್ನಬಹುದು, ಅದರಾಚೆಗೆ ಬೇಡ. 21ನೆಯ ಮೇಳಕರ್ತವಾದ (ಮೂಲ ರಾಗವಾದ) ಕೀರವಾಣಿಯಲ್ಲಿ ಕಾಕಲಿ ನಿಷಾದ (ಇಲ್ಲಿ ಜಿ ಶಾರ್ಪ್) ರಾಗದ ಲಕ್ಷಣವೇ ಆಗಿದೆ. ಸಂದರ್ಭ ನೋಡಿ ಕೈಶಿಕಿ ನಿಷಾದಕ್ಕೆ (ಸಾದಾ ಜಿ) ಬದಲಾಯಿಸುವ ಸ್ವಾತಂತ್ರ್ಯ ಅಲ್ಲಿಲ್ಲ. ಇನ್ನು, ಯುರೋಪಿನ ಗಾಯನ ಸಂಪ್ರದಾಯ ತಪ್ಪಿಸಲು ನೋಡಿದ ಶುದ್ಧ ಧೈವತ (ಎಫ್), ಕಾಕಲಿ ನಿಷಾದಗಳ ನಡುವಿನ ಅಂತರವೇ ನಮಗೆ ಇಲ್ಲಿನ ಸೊಗಸು. ಗ್ರಹಭೇದ (ಷಡ್ಜದ ಸ್ಥಾನ ಬದಲಿಸಿ ಬೇರೆ ರಾಗ ಪಡೆಯುವ ಕ್ರಮ) ಗೊತ್ತಿದ್ದರೆ ಇ ಸ್ವರವನ್ನು ಷಡ್ಜವಾಗಿಸಿ ನುಡಿಸಿ: ವಕುಳಾಭರಣ ರಾಗ ಸಿಗುತ್ತದೆ. ಪಾಶ್ಚಾತ್ಯರು ಅದನ್ನೇ ಫ್ರಿಜಿಯನ್ ಡಾಮಿನೆಂಟ್ ಎಂದು ಕರೆಯುತ್ತಾರೆ.

ಕೀರವಾಣಿಗೆ ಕಾರ್ಡ್ ಹಿಡಿಯುವ ಯೋಚನೆಯಿದ್ದರೆ ಎ ಮೈನರ್, ಡಿ ಮೈನರ್, ಎಫ್ ಮೇಜರ್, ಇ ಸೆವೆಂತ್ ಹೊಂದುತ್ತವೆ. ಸಿ ಮೇಜರ್ ಮತ್ತು ಜಿ ಮೇಜರ್ ಬಿಡಿ, ಅವುಗಳಲ್ಲಿರುವ ಸಾದಾ ಜಿ ರಾಗಕ್ಕೆ ಅನ್ಯಸ್ವರ.