‘ತಮಾಷೆ ಅಂದ್ರೆ…’ ಅನ್ನುವ ಖುಷಿಗೆ ಹೆಸರೇನು?

ಒಂದು ಪದ ಬೇಕಾಗಿದೆ. ಬರಹವೊಂದನ್ನು ಕನ್ನಡಕ್ಕೆ ತರುವಾಗ ಸಿಕ್ಕಿಕೊಂಡೆ, ಎರಡು ದಿನದಿಂದ ಅದೇ ಸಾಲಿನಲ್ಲಿದ್ದೇನೆ.

ಚಮಚದ ಒಳಮೈಯಲ್ಲಿ ನಮ್ಮ ಮುಖ ತಲೆಕೆಳಗು. ತಿರುಗಿಸಿ ಹೊರಮೈ ನೋಡಿದರೆ ನೆಟ್ಟಗೆ. ಸೋಪು ಹಸಿರೋ ಗುಲಾಬಿಯೋ ಇರಲಿ, ನೊರೆ ಮಾತ್ರ ಬಿಳಿ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ. ಇಂಥವು ಕಣ್ಣಿಗೆ ಬಿದ್ದಾಗ ಮಾಡುತ್ತಿದ್ದ ಕೆಲಸ ಬಿಟ್ಟು ಒಳಗೊಳಗೇ ಖುಷಿಪಡುವವರು ಇರುತ್ತಾರಲ್ಲ, ಆ ಖುಷಿಗೆ ಏನೆನ್ನೋಣ?

ಮೊದಲು ಕೈಗೆ ಬಂದದ್ದು ‘ಕುತೂಹಲ’. ಬರೆದು ಹೊಡೆದುಹಾಕಿದೆ. ಕುತೂಹಲ ಕೆರಳುತ್ತದೆ, ಆಮೇಲೆ ತಣಿಯುತ್ತದೆ. ಅದರ ಜೊತೆ ನಾವು ಬಳಸುವ ಕ್ರಿಯಾಪದಗಳೇ ಅದಕ್ಕೊಂದು ಕೊನೆಯಿದೆ ಅನ್ನುತ್ತವೆ. ನಾನು ಹುಡುಕುತ್ತಿರುವುದು ಉತ್ತರ ಸಿಕ್ಕ ಮೇಲೂ ಉಳಿಯುವಂಥದ್ದು. ನೊರೆಯ ಲೆಕ್ಕವಿಲ್ಲದಷ್ಟು ಗುಳ್ಳೆಗಳು ಎಲ್ಲ ಬಣ್ಣದ ಬೆಳಕನ್ನೂ ಚೆದುರಿಸುತ್ತವೆ, ಗುಳ್ಳೆಯ ತೆಳುಪೊರೆಯಲ್ಲಿ ಸೋಪಿನ ಬಣ್ಣ ಕಾಣುವಷ್ಟು ಉಳಿದಿರುವುದಿಲ್ಲ, ಅದಕ್ಕೇ ಬಿಳಿ. ಕಚಗುಳಿಯದೂ ಗೊತ್ತಿರುವುದೇ: ನಮ್ಮ ಕೈ ಎಲ್ಲಿ ಮುಟ್ಟಲಿದೆಯೆಂದು ಮೆದುಳು ಮೊದಲೇ ಊಹಿಸಿ ಆ ಸ್ಪರ್ಶವನ್ನು ಮಂಕಾಗಿಸಿಬಿಡುತ್ತದೆ. ಸರಿ, ತಿಳಿಯಿತು. ನಾಳೆ ಹಸಿರು ಸೋಪು ಹಿಡಿದಾಗ ಮತ್ತೆ ನೊರೆಯನ್ನು ನೋಡುತ್ತ ನಿಲ್ಲುತ್ತೇನೆ, ಅಷ್ಟೆ.

‘ಅದ್ಭುತ’, ‘ವಿಸ್ಮಯ’ ತೀರಾ ದೊಡ್ಡವಾದವು. ನಾಟ್ಯಶಾಸ್ತ್ರದಲ್ಲಿ ಅದ್ಭುತರಸಕ್ಕೆ ವಿಸ್ಮಯವೇ ಸ್ಥಾಯಿಭಾವ, ಅಂದರೆ ಆ ರಸದ ಬುಡದಲ್ಲಿರುವ ಭಾವ. ಅಲ್ಲಿ ಅದನ್ನು ಹುಟ್ಟಿಸುವುದು ದಿವ್ಯದರ್ಶನ, ವಿಮಾನ, ಇಂದ್ರಜಾಲ. ಆ ಸಾಲಿನಲ್ಲಿ ಚಮಚವನ್ನು ನಿಲ್ಲಿಸಲು ನನಗೆ ಧೈರ್ಯವಿಲ್ಲ. ಆದರೆ ಒಂದು ಮಾತು: ವಿಸ್ಮಯದಲ್ಲಿರುವುದು ‘ಸ್ಮಿ’ ಧಾತು, ಮಂದಸ್ಮಿತದಲ್ಲಿ ಇರುವುದೇ. ಪದದ ಹೊಟ್ಟೆಯಲ್ಲಿ ಮುಗುಳ್ನಗೆ ಕೂತಿದೆ. ನಾವು ಬಾಯಿ ಬಿಡುವುದನ್ನಷ್ಟೇ ಉಳಿಸಿಕೊಂಡೆವು.

‘ವಿಚಿತ್ರ’ಕ್ಕೆ ಹಳೆಯ ಅರ್ಥ ಬಗೆಬಗೆಯ ಬಣ್ಣದ್ದು ಎಂದು. ಈಗ ‘ಅವನೊಬ್ಬ ವಿಚಿತ್ರ’ ಅಂದರೆ ದೂರು. ‘ವಿಲಕ್ಷಣ’ ಇನ್ನೂ ಕಡೆ.

ಇಂಗ್ಲಿಷಿನ ‘ಆಡ್’ ಬೆಸಸಂಖ್ಯೆಗೂ ಆಗುತ್ತದೆ, ವಿಚಿತ್ರಕ್ಕೂ ಆಗುತ್ತದೆ. ನಮ್ಮಲ್ಲಿ ಸರಿಸಂಖ್ಯೆಯ ‘ಸರಿ’ ಲೆಕ್ಕದ ಪುಸ್ತಕ ದಾಟಿ ‘ನೀವು ಹೇಳಿದ್ದು ಸರಿ’ ಎಂಬಲ್ಲೂ ಇದೆ. ಪಾಪ, ‘ಬೆಸ’ ಅಲ್ಲೇ ಉಳಿಯಿತು. ‘ಇದೊಂದು ಬೆಸ ಸಂಗತಿ’ ಅನ್ನಬಹುದಿತ್ತು! (ಹಳಗನ್ನಡದಲ್ಲಿ ‘ಬೆಸಗೊಳ್’ ಅಂದರೆ ಕೇಳು, ಪ್ರಶ್ನಿಸು. ಆ ಬೆಸ ಬೇರೆ, ಈ ಬೆಸ ಬೇರೆ. ಹೇಳದೆ ಬಿಡಲು ಮನಸ್ಸಾಗಲಿಲ್ಲ.)

‘ಕೌತುಕ’ಕ್ಕೆ ಒಂದು ಅನುಕೂಲವಿದೆ. ನೋಡುವವನ ಭಾವಕ್ಕೂ ಅದೇ, ನೋಡುವ ವಸ್ತುವಿಗೂ ಅದೇ: ‘ಕೌತುಕದಿಂದ ನೋಡಿದ’, ‘ಅದೊಂದು ಕೌತುಕ’. ಆದರೆ ಪಂದ್ಯಗಳ ವರದಿಯಲ್ಲಿ ಸವೆದು ಸವೆದು ಈಗ ಯಾರು ಗೆಲ್ಲುತ್ತಾರೋ ಎಂಬ ಕಾತರದ ವಾಸನೆ ಹೊಡೆಯುತ್ತದೆ.

ನನಗೆ ಇಷ್ಟವಾದದ್ದು ‘ಚೋದ್ಯ’. ಪ್ರಚೋದನೆಯ ಧಾತುವೇ ಇದರದೂ. ಸಂಸ್ಕೃತದಲ್ಲಿ ಎತ್ತಿದ ಪ್ರಶ್ನೆಗೂ ಅಚ್ಚರಿಗೂ ಇದೊಂದೇ ಪದ. ಅಂದರೆ ಸುಮ್ಮನೆ ಕೂರಲು ಬಿಡದೆ ತಿವಿಯುವ ಅಚ್ಚರಿ. ತೊಡಕೇನೆಂದರೆ, ಇವತ್ತು ‘ಚೋದ್ಯವೆಂದರೆ’ ಎಂದು ಶುರುವಾದ ವಾಕ್ಯ ಯಾರನ್ನೋ ಕುಟುಕಿಯೇ ಮುಗಿಯುತ್ತದೆ.

ಬರವಣಿಗೆ ಬಿಟ್ಟು ಮಾತಿಗೆ ಬಂದರೆ ನಾವೆಲ್ಲ ಹೇಳುವುದು ‘ತಮಾಷೆ ಅಂದ್ರೆ’ ಎಂದೇ ಅಲ್ಲವೇ? ಅಲ್ಲಿ ತಮಾಷೆಗೆ ನಗೆಚಾಟಿಕೆಯ ಅರ್ಥವಿಲ್ಲ. ‘ಇಲ್ಲೊಂದು ಸೋಜಿಗ ಇದೆ, ಕೇಳು’ ಎಂಬ ಕರೆ ಇದೆ. ಅರಬ್ಬಿ ಮೂಲದಲ್ಲಿ ಇದು ನಡೆದಾಡುವುದಕ್ಕೆ ಸಂಬಂಧಿಸಿದ ಪದ. ಅಡ್ಡಾಡುತ್ತ ನೋಡುವ ನೋಟವೇ ಮುಂದೆ ತಮಾಷೆಯಾಯಿತು. ನನಗೆ ಬೇಕಾದದ್ದಕ್ಕೆ ಇಷ್ಟು ಹತ್ತಿರ ಬೇರೆ ಯಾವುದೂ ಬಂದಿಲ್ಲ. ಆದರೆ ‘ಅವರು ತಮಾಷೆಯ ಮನುಷ್ಯ’ ಎಂದು ಬರೆದರೆ ಓದುಗರು ನಗಿಸುವವರು ಅಂದುಕೊಳ್ಳುತ್ತಾರೆ, ಕೆಟ್ಟಿತು.

ಸದ್ಯ ‘ಸೋಜಿಗದ ಚಪಲ’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ‘ಚಪಲ’ ಸ್ವಲ್ಪ ಹಗುರವಾಯಿತೇ? ನಿಮ್ಮ ಕಡೆಯ ಆಡುಮಾತಿನಲ್ಲಿ ಇದಕ್ಕೆ ಬೇರೆ ಮಾತಿದ್ದರೆ, ಬಳಸುವ ಒಂದು ವಾಕ್ಯದ ಸಮೇತ ತಿಳಿಸಿ.

ಅಂದಹಾಗೆ, ಒಪ್ಪುತ್ತದೋ ಇಲ್ಲವೋ ನೋಡಲೆಂದು ನಿನ್ನೆ ರಾತ್ರಿ ‘ಸೋಜಿಗ, ಸೋಜಿಗ’ ಎಂದು ಇಪ್ಪತ್ತು ಮೂವತ್ತು ಸಲ ಹೇಳಿಕೊಂಡೆ. ಅರ್ಥ ಕಳಚಿಬಿದ್ದು ಬರೀ ಸದ್ದು ಉಳಿಯಿತು. ಇದಕ್ಕೂ ಒಂದು ಪದ ಬೇಕು.