ಗೋಡೆ ಪಕ್ಕದ ಪುಟ್ಟ ಗಾಳಿಯಂತ್ರಕ್ಕೆ ದೊಡ್ಡ ರೆಕ್ಕೆ ಹಾಕಲೇ?

ಪ್ರಶ್ನೆ: ತಾರಸಿ ಗೋಡೆಯ ಪಕ್ಕದಲ್ಲಿ ಕರೆಂಟ್ ಮಾಡುವ ಯಂತ್ರ ನಿಲ್ಲಿಸಿದ್ದೇನೆ. ಗಾಳಿ ಜೋರಾಗಿದ್ದರೂ ಅದನ್ನು ಗಾಳಿಯತ್ತ ತಿರುಗಿಸುವ ಬಾಲ ಸುಮ್ನೆ ಅತ್ತಿತ್ತ ಹೊಯ್ದಾಡುತ್ತದೆ, ಬ್ಯಾಟರಿ ತುಂಬುವುದೇ ಇಲ್ಲ. ದೊಡ್ಡ ರೆಕ್ಕೆ ಹಾಕಿದರೆ ಸರಿಹೋಗುತ್ತಾ?

ಉತ್ತರ: ರೆಕ್ಕೆ ಬಿಡಿ, ಕಂಬ ನೋಡಿ. ಗೋಡೆಗೆ ಬಡಿದ ಗಾಳಿ ಸುಳಿಯಾಗುತ್ತದೆ. ಕಟ್ಟಡದ ಹಿಂದೆ ಅದರ ಎತ್ತರದ 20 ಪಟ್ಟು ದೂರದವರೆಗೂ ಆ ಕಾಟ ಇರಬಹುದು. ಸುತ್ತಲಿನ 150 ಮೀಟರ್ ಒಳಗಿನ ಮರ, ಮನೆ ಎಲ್ಲಕ್ಕಿಂತ ರೆಕ್ಕೆ 9 ಮೀಟರ್ ಮೇಲಿರಲಿ ಅನ್ನುವುದು ರೂಢಿಯ ಲೆಕ್ಕ. ಜಾಸ್ತಿ ಅನ್ನಿಸಬಹುದು. ಆದರೆ ಮೇಲೆ ಹೋದಂತೆ ಗಾಳಿ ಜೋರು; ವೇಗ ಎರಡರಷ್ಟಾದರೆ ಗಾಳಿಯ ಶಕ್ತಿ 8 ಪಟ್ಟು, ಅಲ್ವಾ?

ಇನ್ನೊಬ್ಬರು: ಮೊದಲು ಉದ್ದನೆಯ ಕೋಲಿಗೆ ರಿಬ್ಬನ್ ಕಟ್ಟಿ ಎತ್ತಿ ನೋಡಿ. ಅದು ನೇರವಾಗಿ ಹಾರುವ ಎತ್ತರವೇ ಬೇಕು. ಯಂತ್ರವನ್ನು ತಾರಸಿಗೆ ಬಿಗಿದರೆ ಅದರ ನಡುಕ ಕೆಳಗಿನ ಕೋಣೆಗೂ ಇಳಿಯುತ್ತದೆ.

ಕೇಳಿದವರು: ಎತ್ತಿ ನೋಡಿದೆ. ಗೋಡೆ ಮಟ್ಟದಲ್ಲಿ ರಿಬ್ಬನ್ ಕೋಲಿಗೇ ಸುತ್ತಿಕೊಂಡಿತು! ಬಯಲಲ್ಲೇ ಕಂಬ ನೆಡುತ್ತೇನೆ.